ಕಬ್ಬಿನ ಸಾಲಿನ ನಡುವೆ ಹಾಲು ಅಣಬೆ: ಹತ್ತು ಗುಂಟೆಯ ಎರಡು ಹಂಗಾಮು

ಈ ಪ್ರಕರಣ ಬಾಗಲಕೋಟೆ ಜಿಲ್ಲೆಯ ಘಟಪ್ರಭಾ ನೀರಾವರಿ ಭಾಗದ ಎರಡೂವರೆ ಎಕರೆ ಕಬ್ಬಿನ ಹೊಲದ್ದು. ಗುರುತು ಹತ್ತದಂತೆ ಊರು, ಹೆಸರು ಬಿಟ್ಟಿದ್ದೇವೆ. ಅಳತೆಗಳನ್ನು ಅಲ್ಲಲ್ಲಿ ದುಂಡಗೆ ಮಾಡಿದ್ದೇವೆ. ಮಾಡಿದ ಕೆಲಸ, ಆದ ತಪ್ಪುಗಳ ಕ್ರಮ ಮಾತ್ರ ಇದ್ದಂತೆಯೇ ಇದೆ.

ಹೊಲದ ಹಿನ್ನೆಲೆ

ಹೊಲ ಕರಿ ಎರೆ ಭೂಮಿ. ಹನ್ನೆರಡು ವರ್ಷದಿಂದ ಕಬ್ಬು ಬಿಟ್ಟು ಬೇರೆ ಬೆಳೆ ಕಂಡಿಲ್ಲ. ಒಮ್ಮೆ ನಾಟಿ, ಎರಡು ಮೂರು ಕೂಳೆ (ಕಡಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆ), ಆಮೇಲೆ ಕಿತ್ತು ಮತ್ತೆ ನಾಟಿ. ತಳಿ ಕೋ 86032, ಸಾಲಿನಿಂದ ಸಾಲಿಗೆ 5 ಅಡಿ. ಕಾಲುವೆ ನೀರಿಲ್ಲದ ತಿಂಗಳಲ್ಲಿ ಕೊಳವೆಬಾವಿ. ಆ ನೀರು ತುಸು ಸವಳು. ಒಳ್ಳೆಯ ವರ್ಷಗಳಲ್ಲಿ ಎಕರೆಗೆ 50 ಟನ್ ಮುಟ್ಟಿದ್ದ ಇಳುವರಿ 36ಕ್ಕೆ ಇಳಿದಿತ್ತು. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 8.3, ಸಾವಯವ ಇಂಗಾಲ ಶೇ 0.42. ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಅದನ್ನು ‘ಕಡಿಮೆ’ ಎಂದೇ ಬರೆಯುತ್ತಾರೆ. ವರದಿ ನೋಡುವ ಮೊದಲೇ ರೈತರಿಗೆ ಗೊತ್ತಿದ್ದ ಸಂಗತಿಯೆಂದರೆ ನೀರು ಹಾಯಿಸಿದ ಮರುದಿನವೂ ಸಾಲಿನಲ್ಲಿ ನೀರು ನಿಂತಿರುತ್ತಿತ್ತು, ನಾಲ್ಕು ದಿನ ಬಿಟ್ಟರೆ ಕೈ ತೂರುವಷ್ಟು ಬಿರುಕು.

ಕಟಾವಾದ ಮೂರನೇ ದಿನಕ್ಕೆ ರವದಿಗೆ, ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ, ಬೆಂಕಿ ಬೀಳುತ್ತಿತ್ತು. ಇದನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. “ರವದಿ ಇದ್ರ ಕೂಳಿ ಸವರಾಕ ಬರಂಗಿಲ್ರಿ, ನೀರು ಮುಂದ ಹಾಯಂಗಿಲ್ಲ, ಇಲಿ ಸೇರ್ತಾವು” ಎಂಬ ರೈತರ ಮೂರು ಕಾರಣಗಳೂ ನಿಜ. ಈ ಮೂರಕ್ಕೆ ಉತ್ತರ ಹುಡುಕದೆ ‘ಸುಡಬೇಡಿ’ ಎಂದರೆ ಯಾರೂ ಕೇಳುವುದಿಲ್ಲ.

ಅಣಬೆಯ ವಿಚಾರ ಬಂದದ್ದು ಮಗನ ಮೊಬೈಲಿನಲ್ಲಿ ಕಂಡ ವಿಡಿಯೊದಿಂದ. ಚೀನಾದ ಗುವಾಂಗ್ಸಿಯಲ್ಲಿ ಕಬ್ಬಿನ ನೆರಳಲ್ಲಿ ಬಿದಿರು ಅಣಬೆ ಬೆಳೆಯುತ್ತಾರೆ. ಆದರೆ ಅಲ್ಲಿಯದು ತೇವದ ಹವೆ, ಹುಳಿ ಗುಣದ ಕೆಂಪು ಮಣ್ಣು. ಇಲ್ಲಿ ವರ್ಷದ ಮಳೆ 600 ಮಿ.ಮೀ. ಮುಟ್ಟುವುದಿಲ್ಲ, ಮಣ್ಣು ಕ್ಷಾರ. ಬಿದಿರು ಅಣಬೆಗೆ ಹುಳಿ ಮಣ್ಣೇ ಬೇಕು. ಹಾಗಾಗಿ ತಳಿಯನ್ನು ನಕಲು ಮಾಡದೆ ಉಪಾಯವನ್ನಷ್ಟೇ ತೆಗೆದುಕೊಳ್ಳುವುದು ಎಂದಾಯಿತು.

ಒಂದು ಎಕರೆಯನ್ನು ಹೀಗೆ ಹಂಚಲಾಯಿತು: 10 ಗುಂಟೆಯಲ್ಲಿ ರವದಿ ಹೊದಿಕೆ ಮತ್ತು ಅಣಬೆ, 10 ಗುಂಟೆಯಲ್ಲಿ ರವದಿ ಹೊದಿಕೆ ಮಾತ್ರ, ಉಳಿದ 20 ಗುಂಟೆಯಲ್ಲಿ ಎಂದಿನಂತೆ ಸುಡುವುದು. ನಡುವಿನ ‘ಹೊದಿಕೆ ಮಾತ್ರ’ದ ಪಟ್ಟಿ ಬೇಡವೆಂದು ರೈತರು ಮೊದಲು ಹಟ ಹಿಡಿದಿದ್ದರು. ಕೊನೆಗೆ ಇಡೀ ಪ್ರಯೋಗಕ್ಕೆ ಅರ್ಥ ಕೊಟ್ಟದ್ದು ಆ ಪಟ್ಟಿಯೇ.

ಮೊದಲ ಯತ್ನ: ಹಸಿರು ಬೂಷ್ಟು

ಜನವರಿಯಲ್ಲಿ ಕೂಳೆ ಸವರಿ, 20 ಗುಂಟೆಯ ರವದಿಯನ್ನು ಒಂದು ಬಿಟ್ಟು ಒಂದು ಸಾಲಿಗೆ ಸೇರಿಸಿದರು. ರವದಿ ಕಬ್ಬಿನ ತೂಕದ ಹತ್ತನೇ ಒಂದು ಪಾಲು ಎಂದು ಹಿಡಿದರೆ ಸುಮಾರು 1.8 ಟನ್. ಬೇಗ ಕೊಳೆಯಲೆಂದು ಟನ್ನಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್ ಎರಚಿ, ಕೊಳೆಸುವ ಜೀವಾಣು ಪುಡಿಯನ್ನು ಸಗಣಿ ನೀರಲ್ಲಿ ಕದಡಿ ಚಿಮುಕಿಸಿದರು. ರವದಿ ಹೊದಿಕೆಗೆ ಇದು ಒಳ್ಳೆಯ ಕ್ರಮವೇ.

ಜೂನ್ ಮಳೆ ಬಿದ್ದ ಮೇಲೆ, ಅದೇ ರವದಿಯ ಮೇಲೆ ಹತ್ತು ಗುಂಟೆಗೆ 10 ಕೆ.ಜಿ. ಚಿಪ್ಪು ಅಣಬೆಯ ಬೀಜ (ಅಣಬೆಯ ಬಿಳಿ ಎಳೆ ಹಬ್ಬಿಸಿದ ಧಾನ್ಯದ ಕಾಳು) ಎರಚಿ, ಮೇಲೆ ಇನ್ನಷ್ಟು ಗರಿ ಮುಚ್ಚಿದರು. ಐದನೇ ದಿನ ಬಿಳಿ ಎಳೆ ಕಂಡು ಎಲ್ಲರಿಗೂ ಖುಷಿ. ಒಂಬತ್ತನೇ ದಿನ ಬೀಜದ ಕಾಳುಗಳ ಸುತ್ತ ಹಸಿರು ಬೂಷ್ಟು. ಹನ್ನೆರಡನೇ ದಿನ ಅಲ್ಲಲ್ಲಿ ಉದ್ದ ಕಾಲಿನ ತೆಳ್ಳನೆ ಅಣಬೆ ಎದ್ದು, ಸಂಜೆಯೊಳಗೆ ಕರಗಿ ಕಪ್ಪು ಮಸಿಯಾದವು. ಚಿಪ್ಪು ಅಣಬೆ ಒಂದೂ ಬರಲಿಲ್ಲ.

‘ಬೀಜ ಕೆಟ್ಟಿತ್ತು’ ಎಂಬ ಮಾತು ಮೊದಲು ಬಂತು. ಅದೇ ಬೀಜದ ಉಳಿದ ಪೊಟ್ಟಣವನ್ನು ಬಿಸಿನೀರಲ್ಲಿ ಬೇಯಿಸಿದ ಹುಲ್ಲಿಗೆ ಹಾಕಿ ನೋಡಿದಾಗ ಅಣಬೆ ಚೆನ್ನಾಗಿಯೇ ಬಂತು. ಆಗ ಕೊಳೆಸುವ ಪುಡಿಯ ಚೀಟಿ ಓದಿದರು: ಅದರಲ್ಲಿ ಟ್ರೈಕೋಡರ್ಮಾ ಇತ್ತು. ಬೇರು ಕೊಳೆ, ಸೊರಗು ರೋಗಗಳ ಶಿಲೀಂಧ್ರವನ್ನು ತಿನ್ನುವುದರಿಂದ ಟ್ರೈಕೋಡರ್ಮಾವನ್ನು ರೈತರ ಮಿತ್ರ ಎನ್ನುತ್ತೇವೆ. ಆದರೆ ಅಣಬೆಯೂ ಶಿಲೀಂಧ್ರವೇ. ಅಣಬೆ ಮನೆಯಲ್ಲಿ ‘ಹಸಿರು ಬೂಷ್ಟು’ ಎಂದು ಎಲ್ಲರೂ ಹೆದರುವುದು ಇದೇ ಟ್ರೈಕೋಡರ್ಮಾಕ್ಕೆ. ಐದು ತಿಂಗಳು ಮೊದಲೇ ಶತ್ರುವನ್ನು ಬಿತ್ತಿ, ಅದರ ಮೇಲೆ ಬೆಳೆಯ ಬೀಜ ಎರಚಿದಂತಾಗಿತ್ತು. ಮಸಿಯಾಗಿ ಕರಗಿದ ಅಣಬೆ ಹೇಳಿದ್ದು ಇನ್ನೊಂದು ಮಾತು: ಯೂರಿಯಾದ ಸಾರಜನಕ ರವದಿಯಲ್ಲಿ ಇನ್ನೂ ಹೆಚ್ಚಾಗಿ ಉಳಿದಿರಬಹುದು ಎಂದು.

ಅಲ್ಲಿಂದ ಎರಡು ನಿರ್ಧಾರ. ಹೊದಿಕೆಯ ರವದಿ ಬೇರೆ, ಅಣಬೆಯ ರವದಿ ಬೇರೆ. ಅಣಬೆಗೆ ಬೇಕಾದ 200 ಕೆ.ಜಿ.ಯನ್ನು ಕಟಾವಾದ ವಾರದೊಳಗೆ, ಮಳೆ ಇಬ್ಬನಿ ತಾಗುವ ಮೊದಲು, ಹೊಂಬಣ್ಣ ಇರುವಾಗಲೇ ತಗಡಿನ ಅಡಿ ಪೇರಿಸುವುದು. ಎರಡನೆಯದು, ಹೊಲದಲ್ಲಿ ಹಸಿ ರವದಿಯ ಮೇಲೆ ಬೀಜ ಹಾಕುವ ಆಸೆ ಬಿಡುವುದು. ಬೇಯಿಸಿದ ರವದಿಯಲ್ಲಿ ಎಳೆ ಪೂರ್ತಿ ಹಬ್ಬಿದ ಮೇಲಷ್ಟೇ ಅದು ಹೊಲಕ್ಕೆ ಇಳಿಯಬೇಕು. ಅಷ್ಟು ಹೊತ್ತಿಗೆ ಅಣಬೆ ಜಾಗ ಹಿಡಿದಿರುತ್ತದೆ, ಬೂಷ್ಟಿಗೆ ನುಗ್ಗಲು ಸಂದು ಸಿಗುವುದಿಲ್ಲ.

ಎರಡನೇ ಯತ್ನ

ಅದೇ ಜುಲೈನಲ್ಲಿ ಒಂದೊಂದು ಕೆ.ಜಿ. ಒಣ ರವದಿಯ 40 ಚೀಲ ಚಿಪ್ಪು ಅಣಬೆ ಕೊಟ್ಟಿಗೆಯಲ್ಲಿ ತಯಾರಾಗಿ ಸಾಲಿನ ನಡುವೆ ಕುಳಿತವು. ಎಂಟನೇ ದಿನ ಕಾಲುವೆಯ ಪಾಳಿ ಬಂತು. ರಾತ್ರಿ ಹಾಯಿಸಿದ ನೀರಿನಲ್ಲಿ 14 ಚೀಲ ಮುಳುಗಿ ನಾತ ಹಿಡಿದವು. ಉಳಿದವುಗಳಲ್ಲಿ ಅಣಬೆ ಬಂತು, ಆದರೆ ಅರ್ಧಕ್ಕರ್ಧ ಮಾರುವ ಹಾಗಿರಲಿಲ್ಲ. ಮಳೆ ಹನಿ ಸಿಡಿದು ಟೊಪ್ಪಿಗೆಯಡಿಯ ಪದರಗಳ ಸಂದಿಯಲ್ಲಿ ಮಣ್ಣು, ಸಣ್ಣ ನೊಣದ ಹುಳು, ಬಸವನಹುಳು ಕೆರೆದ ಗುರುತು. ಚಿಪ್ಪು ಅಣಬೆ ಕೊಯ್ದ ಮರುದಿನಕ್ಕೆ ಬಾಡುತ್ತದೆ. ತಾಲ್ಲೂಕಿನ ತರಕಾರಿ ಅಂಗಡಿಯವರು ಎರಡನೇ ಸಲ ತೆಗೆದುಕೊಳ್ಳಲಿಲ್ಲ.

ಈ ಸೋಲಿನಿಂದ ಹೊಲದ ನೀರಿನ ಕ್ರಮವೇ ಬದಲಾಯಿತು. ಒಂದು ಸಾಲು ಬಿಟ್ಟು ಒಂದಕ್ಕೆ ನೀರು ಹಾಯಿಸುವುದು, ಒಣ ಸಾಲಿನಲ್ಲಿ ರವದಿ ಮತ್ತು ಅಣಬೆ ಇಡುವುದು. ‘ರವದಿ ಇದ್ದರೆ ನೀರು ಹಾಯುವುದಿಲ್ಲ’ ಎಂಬ ಹಳೆಯ ದೂರಿಗೂ ಇದರಲ್ಲೇ ಉತ್ತರವಿತ್ತು.

ಮೂರನೇ ಯತ್ನ: ಹಾಲು ಅಣಬೆ

ಮರುವರ್ಷ ತಳಿ ಬದಲಿಸಿದರು. ಹಾಲು ಅಣಬೆ 30–35 ಡಿಗ್ರಿ ಸೆಲ್ಸಿಯಸ್ ಶಾಖ ಒಗ್ಗುವ ಜಾತಿ, ಗಟ್ಟಿ ಮೈ, ಮೂರು ದಿನ ಕೆಡದೆ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಹೇಗೂ ಮಣ್ಣಿನ ಹೊದಿಕೆ ಬೇಕು, ಆ ಮಣ್ಣಿನ ರಸಸಾರ 7.5ರಿಂದ 8 ಇದ್ದರೆ ಒಪ್ಪುತ್ತದೆ. ಕ್ಷಾರ ಭೂಮಿಯವರಿಗೆ ಅನುಕೂಲವಾಗುವ ಬೆಳೆ ಅಪರೂಪ.

ಮಾಡಿದ ಕ್ರಮ ಇದು. ರವದಿಯನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಒಂದೂವರೆ ಎರಡು ಇಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಡ್ರಮ್ಮಿನಲ್ಲಿ 80 ಡಿಗ್ರಿಯ ನೀರಲ್ಲಿ ಒಂದು ತಾಸು ಮುಳುಗಿಸಿಟ್ಟರು. ಕಬ್ಬಿನ ಗರಿಗೆ ಮೇಣದಂಥ ಹೊಳಪು ಇರುವುದರಿಂದ ಭತ್ತದ ಹುಲ್ಲಿನಷ್ಟು ಬೇಗ ನೀರು ಕುಡಿಯುವುದಿಲ್ಲ. ನಾಲ್ಕು ತಾಸು ನೆನೆಸಿದ ಮೊದಲ ಕಂತಿನಲ್ಲಿ ಚೀಲದ ನಡುವೆ ಒಣ ಗುಪ್ಪೆ ಉಳಿದು ಎಳೆ ಅಲ್ಲೇ ನಿಂತಿತ್ತು. ಬಸಿದ ಮೇಲೆ ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಆರಿದ ಮೇಲೆ 14×24 ಇಂಚಿನ ಚೀಲಕ್ಕೆ ಒಂದೂವರೆ ಕೆ.ಜಿ. ಒಣ ರವದಿಯ ಲೆಕ್ಕ, ಅಂದರೆ ನೆನೆದ ತೂಕ ನಾಲ್ಕೂವರೆ ಕೆ.ಜಿ. ಅದಕ್ಕೆ ಬೀಜ 180 ಗ್ರಾಂ, ನಾಲ್ಕು ಪದರದಲ್ಲಿ. ಹೊಲಕ್ಕೆ ಇಡಲು 120 ಚೀಲ, ಅವಕ್ಕೆ 22 ಕೆ.ಜಿ. ಬೀಜ. ಬೀಜವನ್ನು ಮೇ ಕೊನೆಯಲ್ಲಿ ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ಥರ್ಮೋಕೋಲ್ ಡಬ್ಬಿಯಲ್ಲಿ ತಂದರು. ಹಗಲಿನ ಬಸ್ಸಿನ ಟಾಪಿನ ಮೇಲಿಟ್ಟರೆ ಬೀಜ ಬೆಂದು ಸಾಯುತ್ತದೆ, ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ.

ಜೂನ್ 5ಕ್ಕೆ ತುಂಬಿದ ಚೀಲ 26ಕ್ಕೆ ಪೂರ್ತಿ ಬೆಳ್ಳಗಾದವು. ಹಸಿರು ಚುಕ್ಕೆ ಕಂಡ 9 ಚೀಲಗಳನ್ನು ತೆಗೆದು, ಮೊದಲೇ ಹೆಚ್ಚಿಗೆ ಮಾಡಿಟ್ಟಿದ್ದ ಚೀಲಗಳಿಂದ ಲೆಕ್ಕ ತುಂಬಿದರು. ಹಸಿರು ಚೀಲವನ್ನು ಹೊಲದ ಅಂಚಿಗೆ ಎಸೆಯದೆ ದೂರದ ತಿಪ್ಪೆಗೆ ಹಾಕಿದ್ದು ಸಣ್ಣ ಸಂಗತಿಯಲ್ಲ.

ಹೊಲದಲ್ಲಿ ಜಾಗ ಎಲ್ಲಿ? ಇಲ್ಲಿ ಹೆಂಗಸರ ಮಾತು ಗೆದ್ದಿತು. ಆರು ತಿಂಗಳ ಕಬ್ಬಿನೊಳಗೆ ದಿನಕ್ಕೆರಡು ಸಲ ಬಗ್ಗಿ ಹೋಗುವುದೆಂದರೆ ಗರಿಯ ಅಂಚಿಗೆ ಕೈ ಮುಖ ಕೊಯ್ದುಕೊಳ್ಳುವುದು, ಇಲಿ ಇದ್ದಲ್ಲಿ ಕೊಳಕುಮಂಡಲವೂ ಇರುವುದು. ಹಾಗಾಗಿ ದಾರಿಯ ಬದಿಯಿಂದ 30 ಅಡಿ ಒಳಗೆ ಮಾತ್ರ, ಎಂಟು ಒಣ ಸಾಲುಗಳಲ್ಲಿ 6 ಇಂಚು ಆಳದ ಕಾಲುವೆ ತೆಗೆದರು. ಕೆಳಗಿನ ಒಣ ಗರಿ ಸುಲಿದು ದಾರಿ ಬಿಡಿಸಿದರು. ಗಂಬೂಟು, ಕೈಯಲ್ಲೊಂದು ಕೋಲು ಕಡ್ಡಾಯ. ಮೂರು ಅಡಿ ಸಾಲಿನ ಕಬ್ಬಿನಲ್ಲಿ ಇದೆಲ್ಲ ಆಗದ ಮಾತು.

ಪ್ಲಾಸ್ಟಿಕ್ ಪೂರ್ತಿ ಬಿಡಿಸಿ (120 ಚೀಲ ಎಣಿಸಿ ವಾಪಸು ಪಡೆದರು), ಎಳೆ ಹಬ್ಬಿ ಗಟ್ಟಿಯಾದ ರವದಿಯ ಗಡ್ಡೆಯನ್ನು ಅಡ್ಡಲಾಗಿ ಎರಡು ಮಾಡಿ, 240 ತುಂಡುಗಳನ್ನು ಅಡಿಗೊಂದರಂತೆ ಇಟ್ಟರು. ಮೇಲೆ ಒಂದು ಇಂಚು ಮಣ್ಣಿನ ಹೊದಿಕೆ. ಮೊದಲ ಎರಡು ಸಾಲಿಗೆ ಹೊಲದ ಎರೆ ಮಣ್ಣನ್ನೇ ಹಾಕಿದ್ದರು. ಅದು ಒದ್ದೆಯಾದಾಗ ಗಾರೆಯಂತೆ ಮೆತ್ತಿ, ಒಣಗಿದಾಗ ಬಿರಿದು, ಮೊಗ್ಗು ಬಿರುಕಿನಲ್ಲಷ್ಟೇ ಗೊಂಚಲಾಗಿ ಎದ್ದಿತು. ಉಳಿದ ಆರು ಸಾಲಿಗೆ ಎರೆ ಮಣ್ಣು, ಮರಳು, ತೊಳೆದ ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ, ಗೋಣಿಯಲ್ಲಿ ತುಂಬಿ ಡ್ರಮ್ಮಿನ ಹಬೆಯಲ್ಲಿ ಒಂದೂವರೆ ತಾಸು ಇಟ್ಟು ಬಳಸಿದರು. ಮಣ್ಣು ಮೊದಲೇ ಕ್ಷಾರವಾದ್ದರಿಂದ ಸುಣ್ಣ ಹಾಕಲಿಲ್ಲ. ಸವಳು ಭೂಮಿಯಲ್ಲಿ ಸೀಮೆಸುಣ್ಣ, ಜಿಪ್ಸಂ ಯಾವುದನ್ನೂ ಅಳತೆಯಿಲ್ಲದೆ ಅಣಬೆ ಗಡ್ಡೆಗೆ ಬೆರೆಸಬಾರದು. ಅದೆಲ್ಲ ಕೊನೆಗೆ ಅದೇ ಹೊಲಕ್ಕೆ ಹೋಗುವಂಥದ್ದು.

ನೀರು ದಿನಕ್ಕೆರಡು ಸಲ, ಮಂಜಿನಂತೆ. ಅದಕ್ಕೆ ಹೊಸ ಪಂಪು ಕೊಂಡರು. ಔಷಧಿ ಹೊಡೆದ ಬೆನ್ನಿನ ಪಂಪನ್ನು ಎಷ್ಟು ತೊಳೆದರೂ ತಿನ್ನುವ ಅಣಬೆಗೆ ಬಳಸುವಂತಿಲ್ಲ. ಇದೇ ಕಾರಣಕ್ಕೆ ಆ ಹತ್ತು ಗುಂಟೆಗೆ ಕಳೆನಾಶಕವನ್ನಾಗಲಿ ಗೊಣ್ಣೆಹುಳು ಕೊಲ್ಲುವ ಕೀಟನಾಶಕದ ಹರಳನ್ನಾಗಲಿ ಆ ವರ್ಷ ಹಾಕಲಿಲ್ಲ. ಅಣಬೆ ಕೂತ ಜಾಗದ ವಿಷವನ್ನು ಹೀರಿಕೊಳ್ಳುತ್ತದೆ. ಕೊಳವೆಬಾವಿಯ ಸವಳು ನೀರು ಚಿಮುಕಿಸಿದ ನಾಲ್ಕು ದಿನ ಮೊಗ್ಗು ಹಳದಿಯಾಗಿ ಒಣಗಿದವು. ಆಮೇಲೆ ನೀರಾವರಿ ಕಾಲುವೆಯ ನೀರನ್ನು ಬ್ಯಾರಲ್ಲಿನಲ್ಲಿ ತುಂಬಿಟ್ಟುಕೊಂಡರು.

ಜುಲೈ 9ಕ್ಕೆ ಮೊಗ್ಗು, 16ಕ್ಕೆ ಮೊದಲ ಕೊಯ್ಲು, ಹನ್ನೆರಡು ದಿನ ಬಿಟ್ಟು ಎರಡನೆಯದು. ಮಧ್ಯಾಹ್ನ ದಾರಿಯ ಮೇಲೆ 31 ಡಿಗ್ರಿ, ತೇವ ಶೇ 58 ಇದ್ದಾಗ ಕಬ್ಬಿನೊಳಗೆ ನೆಲದ ಮಟ್ಟದಲ್ಲಿ 28 ಡಿಗ್ರಿ, ಶೇ 82. ಈ ತೇವವನ್ನು ಕೊಟ್ಟಿಗೆಯಲ್ಲಿ ಕಾಯಬೇಕೆಂದರೆ ದಿನವಿಡೀ ಗೋಣಿ ನೆನೆಸುತ್ತಿರಬೇಕು. ಕಬ್ಬು ಅಣಬೆಗೆ ಕೊಟ್ಟ ದೊಡ್ಡ ಕಾಣಿಕೆ ಇದು.

ಬುಟ್ಟಿಯಲ್ಲಿ ಬಂದ ನಾಯಿಕೊಡೆ

ಪ್ರಯೋಗ ಬಹುತೇಕ ನಿಂತುಹೋಗುತ್ತಿದ್ದುದು ಇಲ್ಲಿ. ಮೊದಲ ಕೊಯ್ಲಿನ ದಿನ ಒಂದು ಬುಟ್ಟಿಯಲ್ಲಿ ಹಾಲು ಅಣಬೆಯ ಜೊತೆ ಪಕ್ಕದ ಸಾಲಿನ ರವದಿಯಲ್ಲಿ ತಾನಾಗಿ ಎದ್ದ ದೊಡ್ಡ ಬಿಳಿ ನಾಯಿಕೊಡೆಯೂ ಬಂದಿತ್ತು. ಮಳೆಗಾಲದಲ್ಲಿ ನಮ್ಮ ಹೊಲಗಳಲ್ಲಿ ಏಳುವ ಹಸಿರು ಪದರದ ಕೊಡೆ ಅಣಬೆ ತಿಂದರೆ ಕೆಲವೇ ತಾಸಿನಲ್ಲಿ ವಾಂತಿ ಭೇದಿ ಶುರು. ಎಳೆಯದಿದ್ದಾಗ ಅದರ ಪದರವೂ ಬಿಳಿಯೇ, ಬಲಿತ ಮೇಲಷ್ಟೇ ಹಸಿರು. ಗುರುತೆಂದರೆ ಅದರ ಕಾಲಿಗೆ ಬಳೆಯಂಥ ಉಂಗುರ ಇರುತ್ತದೆ, ಟೊಪ್ಪಿಗೆಯ ಮೇಲೆ ಕಂದು ಹುರುಪೆ. ಹಾಲು ಅಣಬೆಗೆ ಉಂಗುರವಿಲ್ಲ, ಟೊಪ್ಪಿಗೆ ನುಣುಪು, ಬಲಿತರೂ ಪದರ ಬಿಳಿ.

ಆ ದಿನದ ಬುಟ್ಟಿಗಳನ್ನೆಲ್ಲ ತಿಪ್ಪೆಗೆ ಸುರಿದರು, ಸುಮಾರು 6 ಕೆ.ಜಿ. ಮನೆಯಲ್ಲಿ ಇದಕ್ಕೆ ಮಾತು ಬೆಳೆಯಿತು, ಆದರೆ ಸರಿಯಾದ ನಿರ್ಧಾರ ಅದೊಂದೇ. ಆಮೇಲೆ ಗೂಟ ನೆಟ್ಟು ಬಣ್ಣದ ದಾರ ಕಟ್ಟಿದ ಮಡಿಯೊಳಗಿನದನ್ನು ಮಾತ್ರ, ಬುಡದಲ್ಲಿ ನಾವಿಟ್ಟ ಗಡ್ಡೆ ಕಂಡರೆ ಮಾತ್ರ ಕೀಳಬೇಕು ಎಂಬ ನಿಯಮ ಬಂತು. ಸಂಶಯ ಬಂದದ್ದನ್ನು ಅಲ್ಲೇ ತುಳಿದು ಹಾಕುವುದು. ಬಯಲಿನಲ್ಲಿ ಅಣಬೆ ಬೆಳೆಸುವ ಯಾರಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ.

ಲೆಕ್ಕ

180 ಕೆ.ಜಿ. ಒಣ ರವದಿಯಿಂದ ಎರಡು ಕೊಯ್ಲಿಗೆ 68 ಕೆ.ಜಿ. ಅಣಬೆ, ಅಂದರೆ ಶೇ 38. ಮುಚ್ಚಿದ ಕೋಣೆಯಲ್ಲಿ ಚೆನ್ನಾಗಿ ನೋಡಿಕೊಂಡರೆ ಶೇ 60 ದಾಟುವುದು ಕಷ್ಟವಲ್ಲ. ಮಾರಿದ್ದು 56 ಕೆ.ಜಿ., ಕೆ.ಜಿ.ಗೆ 180ರಂತೆ 10,080 ರೂಪಾಯಿ. ಬೀಜ 2,640, ಚೀಲ-ಮರಳು-ನಾರು-ಕಟ್ಟಿಗೆ 1,900, ಮನೆಯವರದ್ದೂ ಸೇರಿ 14 ಆಳಿನ ಕೂಲಿ 4,200. ಉಳಿದದ್ದು 1,340 ರೂಪಾಯಿ. ಪಂಪಿನ ಬೆಲೆ ಇದರಲ್ಲಿ ಸೇರಿಸಿಲ್ಲ. ‘ಕಬ್ಬಿನ ಜೊತೆ ಅಣಬೆ, ಎಕರೆಗೆ ಲಕ್ಷ’ ಎನ್ನುವವರಿಗೆ ಈ ಸಾಲುಗಳನ್ನು ತೋರಿಸಬಹುದು.

ಮಣ್ಣಿನಲ್ಲಿ ಏನಾಯಿತು

ಅಕ್ಟೋಬರಿನಲ್ಲಿ ರೈತರು ತಾವೇ ತೆಗೆದು ಕಳಿಸಿದ ಮಣ್ಣಿನ ವರದಿಯಲ್ಲಿ ಸಾವಯವ ಇಂಗಾಲ ಶೇ 0.81 ಬಂತು. 0.42ರಿಂದ 0.81! ಊರಲ್ಲಿ ಸುದ್ದಿಯಾಯಿತು. ಎಲ್ಲಿ ಅಗೆದಿರಿ ಎಂದು ಕೇಳಿದಾಗ ಅಣಬೆಯ ಕಾಲುವೆಯನ್ನೇ ತೋರಿಸಿದರು. ಅದು ಹೊಲದ ಮಣ್ಣಲ್ಲ, ಮಣ್ಣು ಬೆರೆತ ಅಣಬೆ ಗಡ್ಡೆ. ಅಡಿಯಗಲದ 240 ಅಡಿ ಮಡಿ ಎಂದರೆ ಹತ್ತು ಗುಂಟೆಯಲ್ಲಿ ಶೇ 2ಕ್ಕಿಂತ ತುಸು ಹೆಚ್ಚು ಜಾಗ, ಅಷ್ಟೇ.

ಕ್ರಮವಾಗಿ ಮತ್ತೆ ತೆಗೆದರು: ಪ್ರತಿ ಪಟ್ಟಿಯಲ್ಲೂ ಓರೆಕೋರೆಯಾಗಿ ಹತ್ತು ಕಡೆ, ಮಡಿ ಮತ್ತು ಗೊಬ್ಬರ ಹಾಕಿದ ಬುಡ ಬಿಟ್ಟು, 15 ಸೆಂ.ಮೀ. ಆಳದವರೆಗೆ, ಬೆರೆಸಿ ಕಾಲು ಪಾಲು ಮಾಡುತ್ತ ಅರ್ಧ ಕೆ.ಜಿ. ಉಳಿಸಿ. ಸುಟ್ಟಲ್ಲಿ 0.41, ಹೊದಿಕೆ ಮಾತ್ರ ಇದ್ದಲ್ಲಿ 0.46, ಹೊದಿಕೆ-ಅಣಬೆ ಎರಡೂ ಇದ್ದಲ್ಲಿ 0.47. ಕೊನೆಯ ಎರಡರ ನಡುವಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಸುಟ್ಟದ್ದಕ್ಕೂ ಸುಡದ್ದಕ್ಕೂ ಇರುವ ವ್ಯತ್ಯಾಸವನ್ನೂ ಎರಡು ವರ್ಷದಲ್ಲಿ ಖಚಿತ ಎನ್ನಲಾಗದು. ಇಂಗಾಲ ಅಷ್ಟು ನಿಧಾನದ ಲೆಕ್ಕ.

ನೀರು ಇಂಗುವುದರಲ್ಲಿ ಮಾತ್ರ ಕಣ್ಣಿಗೆ ಕಾಣುವ ಫರಕಿತ್ತು. 15 ಸೆಂ.ಮೀ. ಅಗಲದ ಪೈಪಿನ ತುಂಡನ್ನು ಎರಡು ಇಂಚು ಬಡಿದು, 450 ಮಿ.ಲೀ. ನೀರು (ಸರಿಸುಮಾರು ಒಂದು ಇಂಚು ಮಳೆ) ಸುರಿದು ಗಡಿಯಾರ ನೋಡಿದರು. ಸುಟ್ಟ ಪಟ್ಟಿಯಲ್ಲಿ 38 ನಿಮಿಷ, ಹೊದಿಕೆಯ ಅಡಿ 21, ಅಣಬೆಯ ಕಾಲುವೆಯಲ್ಲಿ 9. ಹೊದಿಕೆಯ ಎರಡೂ ಪಟ್ಟಿಗಳಲ್ಲಿ ಎರೆಹುಳುವಿನ ಹಿಕ್ಕೆ ಕಂಡಿತು, ಸುಟ್ಟಲ್ಲಿ ಇರಲಿಲ್ಲ. ಕಾಲುವೆಯನ್ನು ಅಡ್ಡ ಕಡಿದು ನೋಡಿದಾಗ ಪಕ್ಕದ ಕಬ್ಬಿನ ಬಿಳಿ ಬೇರು ಹಳೆಯ ಗಡ್ಡೆಯೊಳಗೆ ಜಾಲದಂತೆ ಹೊಕ್ಕಿತ್ತು.

ಇದನ್ನು ಓದಬೇಕಾದ ಬಗೆ ಹೀಗೆ. ಅಣಬೆ ಹೊಲಕ್ಕೆ ಇಂಗಾಲ ಸೇರಿಸುವುದಿಲ್ಲ. ರವದಿಯಲ್ಲಿದ್ದ ಇಂಗಾಲದ ದೊಡ್ಡ ಪಾಲನ್ನು ಅದು ಉಸಿರಾಟದಲ್ಲೇ ಕಳೆಯುತ್ತದೆ. ಅದು ಮಾಡುವುದು ರವದಿಯ ನಾರು ಮುರಿಯುವ ಕೆಲಸ. ಹಸಿ ರವದಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತದೆ. ಎರಡೂ ಹೊದಿಕೆ ಪಟ್ಟಿಗಳ ಕೂಳೆ ಮೊದಲ ಎರಡು ತಿಂಗಳು ಹಳದಿ ತಿರುಗಿ, ಬುಡಕ್ಕೆ ಕಾಲು ಪಾಲು ಹೆಚ್ಚು ಯೂರಿಯಾ ಕೊಡಬೇಕಾದದ್ದು ಅದಕ್ಕೇ. ಅಣಬೆ ತಿಂದು ಬಿಟ್ಟ ಗಡ್ಡೆಯ ಪಕ್ಕದ ಕಬ್ಬಿನಲ್ಲಿ ಈ ಹಳದಿ ಕಾಣಲಿಲ್ಲ, ಆದರೆ ಆ ಹೊತ್ತಿಗೆ ಕಬ್ಬು ಬೆಳೆದು ನಿಂತಿತ್ತು ಎಂಬುದನ್ನೂ ಮರೆಯುವಂತಿಲ್ಲ. ಹತ್ತು ಗುಂಟೆಯ 900 ಕೆ.ಜಿ. ರವದಿಯಲ್ಲಿ ಅಣಬೆಯ ಬಾಯಿಗೆ ಹೋದದ್ದು ಐದನೇ ಒಂದು ಪಾಲು. ಉಳಿದ ನಾಲ್ಕು ಪಾಲು ಸುಡದೆ ಹೊಲದಲ್ಲೇ ಉಳಿಯಿತು. ಮಣ್ಣು ಸುಧಾರಿಸಿದ್ದರೆ ಅದಕ್ಕೆ ಮೊದಲ ಕಾರಣ ಆ ನಾಲ್ಕು ಪಾಲು. ಹೊದಿಕೆ ಮಾತ್ರದ ಪಟ್ಟಿ ಇಲ್ಲದಿದ್ದರೆ ಆ ಹೆಸರೆಲ್ಲ ಅಣಬೆಗೆ ಹೋಗುತ್ತಿತ್ತು.

ಹಾಗೆಂದು ಅಣಬೆ ವ್ಯರ್ಥ ಎನ್ನಲಾಗದು. ಬೆಂಕಿ ಹಚ್ಚುವುದನ್ನು ನಿಲ್ಲಿಸಲು ಆ ಮನೆಗೆ ಕಾರಣ ಕೊಟ್ಟದ್ದು ಅದೇ. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸುವುದು, ರವದಿಗೊಂದು ಬೆಲೆ ಕಟ್ಟುವುದು, ಕೀಟನಾಶಕದ ಹರಳು ಹಾಕುವ ಮುಂಚೆ ಯೋಚಿಸುವುದು ಅದರ ಹಿಂದೆಯೇ ಬಂದವು.

ಈಗ

ಮೂರನೇ ವರ್ಷ ಎಕರೆಯ ಒಂದು ಮೂಲೆಗೂ ಬೆಂಕಿ ಬಿದ್ದಿಲ್ಲ. ಅಣಬೆಯ ಬಹುಪಾಲು ಕೊಟ್ಟಿಗೆಯ ಪಕ್ಕದ ನೆರಳು ಮನೆಗೆ ಬಂದಿದೆ, ಕೊಯ್ಲು ಮುಗಿದ ಗಡ್ಡೆ ಮಾತ್ರ ಒಣ ಸಾಲಿಗೆ ಹೋಗುತ್ತದೆ. ಹೋದ ವರ್ಷ ಹೂತ ಕಾಲುವೆಯ ಮೇಲೆ ಈ ವರ್ಷ ಹೂಳುವುದಿಲ್ಲ, ಹೀಗೆ ಸಾಲು ಸರಿಯುತ್ತ ಇಡೀ ಹತ್ತು ಗುಂಟೆ ಮುಟ್ಟುವ ಯೋಚನೆ. ಕಬ್ಬಿನೊಳಗಿನ ಮಡಿ ದಾರಿ ಬದಿಯ ನಾಲ್ಕು ಸಾಲಿಗೆ ಇಳಿದಿದೆ, ಅದೂ ಜುಲೈ ಆಗಸ್ಟಿನಲ್ಲಿ ಮಾತ್ರ. ಇಲಿಯ ಕಾಟಕ್ಕೆ ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ. ಅಣಬೆ ಇರುವಲ್ಲಿ ವಿಷ ಇಡುವಂತಿಲ್ಲವಾದ್ದರಿಂದ ಬೋನು ಇಡುತ್ತಿದ್ದಾರೆ, ಮಣ್ಣಿನ ಹೊದಿಕೆ ಕೆದರಿದ ಜಾಗವನ್ನು ಬೆಳಿಗ್ಗೆ ಬೆಳಿಗ್ಗೆ ಕೈಯಿಂದ ಮುಚ್ಚುತ್ತಿದ್ದಾರೆ.